ರೈನ್ ನದಿಯ ಮೇಲಿನ ಕೋಟೆಯಲ್ಲಿ ತಂಗುವುದು ಹೇಗೆ? ಶ್ಟಾಲೆಕ್ ಯೂತ್ ಹಾಸ್ಟೆಲ್‌ಗೆ ಹೊರಡುವವರಿಗೆ

"ಜರ್ಮನಿಯಲ್ಲಿ ಕಾಡಿನ ಗುಡ್ಡದ ಮೇಲೊಂದು ಕೋಟೆ ಇದೆಯಂತೆ, ಹಾಸ್ಟೆಲ್ ದರದಲ್ಲಿ ಒಳಗೇ ಮಲಗಬಹುದಂತೆ, ನಿಜವಾ?" ಓದಲು ಬಂದ ಹುಡುಗರು ಇದನ್ನು ಕೇಳುತ್ತಾರೆ. ಫ್ರಾಂಕ್‌ಫರ್ಟ್ ಸುತ್ತಮುತ್ತ ಕೆಲಸದಲ್ಲಿರುವವರು ಕೇಳುತ್ತಾರೆ. ಬೇಸಿಗೆಗೆ ಊರಿನಿಂದ ಅಪ್ಪ-ಅಮ್ಮನನ್ನು ಕರೆಸಿಕೊಳ್ಳುವವರಂತೂ ಕೇಳಿಯೇ ಕೇಳುತ್ತಾರೆ. ನಿಜ ಎಂದ ಕೂಡಲೇ ಉಳಿದವು ಬರುತ್ತವೆ: ವಯಸ್ಸಾದವರಿಗೆ ಬಿಡುತ್ತಾರಾ, ಸಸ್ಯಾಹಾರ ಸಿಗುತ್ತದಾ, ಸದಸ್ಯತ್ವ ಬೇಕಾ, ಮೇಲೆ ಹತ್ತುವುದು ಎಷ್ಟು ಕಷ್ಟ? ಎಲ್ಲಕ್ಕೂ ಇಲ್ಲಿ ಉತ್ತರ ಕೊಡುತ್ತೇನೆ.

ಇಂಥ ಕೋಟೆ-ಹಾಸ್ಟೆಲ್‌ಗಳು ಜರ್ಮನಿಯಲ್ಲಿ ಹಲವಿವೆ. ಉದಾಹರಣೆಗೆ ನಾನು ಆರಿಸಿಕೊಂಡಿರುವುದು ಶ್ಟಾಲೆಕ್ ಕೋಟೆಯನ್ನು, ಏಕೆಂದರೆ ಮೊದಲ ಸಲ ಹೋಗುವವರಿಗೆ ಇದು ಸುಲಭ. ಮೈಂಟ್ಸ್ ಮತ್ತು ಕೋಬ್ಲೆಂಟ್ಸ್ ಊರುಗಳ ನಡುವೆ ರೈನ್ ನದಿಯ ಎಡದಂಡೆಯಲ್ಲಿ ಬಖರಖ್ ಎಂಬ ಚಿಕ್ಕ ಊರಿದೆ. ಅದರ ನೆತ್ತಿಯ ಮೇಲಿನ ಗುಡ್ಡದಲ್ಲಿ, ಸಮುದ್ರಮಟ್ಟದಿಂದ ಸುಮಾರು 160 ಮೀಟರ್ ಎತ್ತರದಲ್ಲಿ, ಈ ಕೋಟೆ ನಿಂತಿದೆ. ಮುಂದೆ ನದಿ, ಪಕ್ಕದಲ್ಲಿ ದ್ರಾಕ್ಷಿ ತೋಟ, ಬೆನ್ನಿಗೆ ಹುನ್ಸ್‌ರ್‍ಯೂಕ್ ಬೆಟ್ಟಸಾಲಿನ ಕಾಡು. ಈ ಕಣಿವೆ 2002ರಿಂದ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ.

ಕೋಟೆ 12ನೇ ಶತಮಾನದ್ದು. ಆದರೆ ನೀವು ಮಲಗುವ ಗೋಡೆಗಳೆಲ್ಲ ಅಷ್ಟು ಹಳೆಯವಲ್ಲ. 1689ರಲ್ಲಿ ಫ್ರೆಂಚ್ ಸೇನೆ ಮದ್ದಿಟ್ಟು ಸಿಡಿಸಿದ ಮೇಲೆ ಅದು ಇನ್ನೂರು ವರ್ಷಕ್ಕೂ ಹೆಚ್ಚು ಕಾಲ ಪಾಳು ಬಿದ್ದಿತ್ತು. ಹಳೆಯ ಅಡಿಪಾಯದ ಮೇಲೆ ಮತ್ತೆ ಎಬ್ಬಿಸಿದ್ದು 1920ರ ದಶಕದಲ್ಲಿ, ಅದೂ ಯೂತ್ ಹಾಸ್ಟೆಲ್ ಮಾಡಬೇಕೆಂದೇ. ಹಾಗಾಗಿ ಇದು ಅರಮನೆಯನ್ನು ಹೋಟೆಲ್ ಮಾಡಿದ ಜಾಗವಲ್ಲ, ಶಾಲಾಮಕ್ಕಳಿಗಾಗಿ ಕಟ್ಟಿದ ಮನೆ. ಕೆಳಗೆ ಬರುವ ಅರ್ಧ ನಿಯಮಗಳು ಹುಟ್ಟಿದ್ದು ಈ ಕಾರಣದಿಂದ.

ಯೂತ್ ಹಾಸ್ಟೆಲ್ ಎಂಬ ಯೋಚನೆಯೇ ಒಬ್ಬ ಮೇಷ್ಟ್ರದ್ದು. ರಿಚರ್ಡ್ ಶಿರ್‌ಮಾನ್ ಎಂಬ ಶಾಲಾ ಶಿಕ್ಷಕ 1909ರ ಆಗಸ್ಟಿನಲ್ಲಿ ಮಕ್ಕಳ ಜೊತೆ ಕಾಲ್ನಡಿಗೆ ಪ್ರವಾಸ ಹೊರಟಿದ್ದಾಗ ಗುಡುಗುಮಳೆಗೆ ಸಿಕ್ಕಿ ಒಂದು ಹಳ್ಳಿಶಾಲೆಯಲ್ಲಿ ರಾತ್ರಿ ಕಳೆಯಬೇಕಾಯಿತು. ರಜೆಯಲ್ಲಿ ಖಾಲಿ ಬೀಳುವ ಶಾಲೆಗಳು ನಡೆಯುವ ಮಕ್ಕಳಿಗೆ ತಂಗುದಾಣ ಯಾಕಾಗಬಾರದು ಎಂದು ಅವರಿಗೆ ಹೊಳೆದದ್ದು ಆ ರಾತ್ರಿ. ಮುಂದೆ 1912ರಲ್ಲಿ ಆಲ್ಟೆನಾ ಊರಿನ ಕೋಟೆಯಲ್ಲಿ ಮೊದಲ ಕಾಯಂ ಹಾಸ್ಟೆಲ್ ಶುರುವಾಯಿತು. ಕೋಟೆ ಮತ್ತು ಹಾಸ್ಟೆಲ್‌ನ ನಂಟು ಅಲ್ಲಿಂದ ಬಂದದ್ದು.

ಹಂತ 1: ದಿನ ಆರಿಸಿಕೊಳ್ಳಿ

ಎಲ್ಲಕ್ಕಿಂತ ಮೊದಲು ಕ್ಯಾಲೆಂಡರ್ ನೋಡಿ. ಮೇಯಿಂದ ಜುಲೈವರೆಗೆ, ಮತ್ತೆ ಸೆಪ್ಟೆಂಬರಿನಲ್ಲಿ, ವಾರದ ದಿನಗಳಲ್ಲಿ ಶಾಲೆಗಳು ಇಡೀ ತರಗತಿಯನ್ನೇ ಪ್ರವಾಸಕ್ಕೆ ಕರೆತರುತ್ತವೆ. ಇದಕ್ಕೆ ಇಲ್ಲಿ 'ಕ್ಲಾಸೆನ್‌ಫಾರ್ಟ್' ಎನ್ನುತ್ತಾರೆ. ಮೂವತ್ತು ಮಕ್ಕಳು ಮೆಟ್ಟಿಲ ಮೇಲೆ ಒಟ್ಟಿಗೆ ಓಡುವ ಸದ್ದು ನಿಮಗೆ ಇಷ್ಟವಾಗುವುದಾದರೆ ಸರಿ, ಶಾಂತಿ ಬೇಕಾದರೆ ಆ ದಿನಗಳು ಬೇಡ. ಶಾಲಾ ರಜೆಯಲ್ಲಿ ಕುಟುಂಬಗಳು ತುಂಬಿರುತ್ತವೆ. ಜರ್ಮನಿಯ 16 ರಾಜ್ಯಗಳಿಗೂ ರಜೆ ಬೇರೆ ಬೇರೆ ಹೊತ್ತಿಗೆ ಬರುತ್ತದೆ. ನಿಮ್ಮ ರಾಜ್ಯದ್ದನ್ನಷ್ಟೇ ನೋಡಿ ಮೋಸಹೋಗಬೇಡಿ; ಹಾಸ್ಟೆಲ್ ಇರುವ ರೈನ್‌ಲ್ಯಾಂಡ್-ಫಾಲ್ಟ್ಸ್ ರಾಜ್ಯದ ರಜೆಯನ್ನೂ ನೋಡಿ.

ನನ್ನ ಸಲಹೆ ಕೇಳುವುದಾದರೆ ಏಪ್ರಿಲ್ ಕೊನೆ ಅಥವಾ ಅಕ್ಟೋಬರ್ ಮೊದಲ ಭಾಗ, ಭಾನುವಾರ ಮಧ್ಯಾಹ್ನ ಬಂದು ಮಂಗಳವಾರ ಹೊರಡುವ ಹಾಗೆ. ಅಕ್ಟೋಬರಿನಲ್ಲಿ ದ್ರಾಕ್ಷಿ ಎಲೆಗಳು ಹಳದಿಗೆ ತಿರುಗುತ್ತವೆ, ಕಾಡೂ ಬಣ್ಣ ಬದಲಿಸುತ್ತಿರುತ್ತದೆ. ಚಳಿಗಾಲದಲ್ಲಿ ಹೋಗಬಾರದೆಂದಲ್ಲ. ಆದರೆ ಡಿಸೆಂಬರಿನಲ್ಲಿ ಸಂಜೆ ನಾಲ್ಕೂವರೆಗೆಲ್ಲ ಸೂರ್ಯ ಮುಳುಗಿರುತ್ತಾನೆ, ನದಿಯ ದೋಣಿಗಳು ಓಡುವುದಿಲ್ಲ, ಕ್ರಿಸ್‌ಮಸ್ ದಿನಗಳಲ್ಲಿ ಹಾಸ್ಟೆಲ್‌ಗಳು ಬಾಗಿಲು ಹಾಕುವುದೂ ಉಂಟು.

ಶನಿವಾರ ರಾತ್ರಿಯೇ ಬೇಕು, ಬೇಸಿಗೆಯಲ್ಲೇ ಬೇಕು ಎನ್ನುವವರು ತಿಂಗಳುಗಟ್ಟಲೆ ಮುಂಚೆ ಬುಕ್ ಮಾಡಬೇಕು. ಬೇರೆ ದಾರಿಯಿಲ್ಲ.

ಹಂತ 2: ಸದಸ್ಯತ್ವ

ಬಹಳ ಜನ ಎಡವುವುದು ಇಲ್ಲಿ. ಶ್ಟಾಲೆಕ್ ಖಾಸಗಿ ಹಾಸ್ಟೆಲ್ ಅಲ್ಲ, ಜರ್ಮನ್ ಯೂತ್ ಹಾಸ್ಟೆಲ್ ಸಂಘಕ್ಕೆ ಸೇರಿದ್ದು. ಸಂಘವನ್ನು ಚಿಕ್ಕದಾಗಿ ಡಿಜೆಎಚ್ ಎನ್ನುತ್ತಾರೆ. ಅಲ್ಲಿ ತಂಗಲು ಸದಸ್ಯತ್ವದ ಕಾರ್ಡ್ ಬೇಕು. ಮೂರು ದಾರಿಗಳಿವೆ.

ಜರ್ಮನಿಯಲ್ಲೇ ವಾಸವಿದ್ದರೆ ಡಿಜೆಎಚ್ ಸದಸ್ಯರಾಗಿ. 26 ವರ್ಷದವರೆಗಿನವರಿಗೆ ವಾರ್ಷಿಕ ಶುಲ್ಕ ಕಡಿಮೆ, 27 ತುಂಬಿದವರಿಗೆ ಹೆಚ್ಚು. ಕುಟುಂಬ ಸದಸ್ಯತ್ವ ಒಂದನ್ನು ಮಾಡಿಸಿದರೆ ಗಂಡ, ಹೆಂಡತಿ, ಚಿಕ್ಕ ಮಕ್ಕಳು ಎಲ್ಲರಿಗೂ ಆಯಿತು. ಎಚ್ಚರ: ಈ ಸದಸ್ಯತ್ವ ವರ್ಷ ಮುಗಿದಾಗ ತಾನಾಗಿ ನಿಲ್ಲುವುದಿಲ್ಲ, ಮುಂದುವರಿಯುತ್ತದೆ. ಓದು ಮುಗಿಸಿ ದೇಶ ಬಿಡುವವರು ಬರೆದು ತಿಳಿಸಿ ರದ್ದು ಮಾಡಿಸಬೇಕು.

ಭಾರತದಿಂದ ಬರುವವರಿಗೆ ಯೂತ್ ಹಾಸ್ಟೆಲ್ಸ್ ಅಸೋಸಿಯೇಷನ್ ಆಫ್ ಇಂಡಿಯಾ ಇದೆ. ಹಿಮಾಲಯದ ಚಾರಣಕ್ಕೆಂದು ಇದರ ಸದಸ್ಯರಾದ ಕನ್ನಡಿಗರು ಬಹಳ ಮಂದಿ, ನಿಮ್ಮ ಮನೆಯಲ್ಲೇ ಯಾರ ಹತ್ತಿರವಾದರೂ ಕಾರ್ಡ್ ಇದ್ದೀತು. ಇದೂ ಜರ್ಮನ್ ಸಂಘವೂ ಹಾಸ್ಟೆಲಿಂಗ್ ಇಂಟರ್‌ನ್ಯಾಷನಲ್ ಎಂಬ ಒಂದೇ ಜಾಗತಿಕ ಒಕ್ಕೂಟದ ಅಂಗಗಳು. ಕಾರ್ಡಿನ ಮೇಲೆ ಒಕ್ಕೂಟದ ಗುರುತೂ ಚಾಲ್ತಿಯಲ್ಲಿರುವ ದಿನಾಂಕವೂ ಇವೆಯೇ ಎಂದು ನೋಡಿಕೊಳ್ಳಿ, ಹೊರಡುವ ಮುಂಚೆ ಹಾಸ್ಟೆಲ್‌ಗೆ ಒಂದು ಇಮೇಲ್ ಹಾಕಿ ಖಚಿತಪಡಿಸಿಕೊಳ್ಳಿ.

ಎರಡೂ ಇಲ್ಲದ ವಿದೇಶಿ ಅತಿಥಿಗಳು ರಾತ್ರಿಗಿಷ್ಟು ಎಂದು ಹೆಚ್ಚುವರಿ ಹಣ ಕೊಟ್ಟು ಅತಿಥಿ ಸದಸ್ಯರಾಗಬಹುದು. ಒಂದೆರಡು ರಾತ್ರಿಗೆ ಬರುವ ಅಪ್ಪ-ಅಮ್ಮನಿಗೆ ಇಷ್ಟೇ ಸಾಕು.

ವಯಸ್ಸಿನ ಪ್ರಶ್ನೆಗೂ ಇಲ್ಲೇ ಉತ್ತರ: ಹೆಸರಿನಲ್ಲಿ ಯುವಜನ ಇದ್ದರೂ ಅರವತ್ತು ದಾಟಿದವರನ್ನೂ ಸ್ವಾಗತಿಸುತ್ತಾರೆ. ಬವೇರಿಯ ರಾಜ್ಯದಲ್ಲಿ ಒಂದು ಕಾಲಕ್ಕೆ 26ರ ಮಿತಿ ಇತ್ತು. ಆ ಹಳೆಯ ಮಾತನ್ನೇ ಈಗಲೂ ಕೆಲವರು ಹೇಳುತ್ತಿರುತ್ತಾರೆ, ನಂಬಬೇಡಿ.

ಹಂತ 3: ಬುಕಿಂಗ್

ಡಿಜೆಎಚ್‌ನ ಸ್ವಂತ ಜಾಲತಾಣದಲ್ಲೇ ಬುಕ್ ಮಾಡಿ. ಏನಾದರೂ ಬದಲಾಯಿಸಬೇಕಾಗಿ ಬಂದರೆ ಹಾಸ್ಟೆಲ್‌ನವರೊಡನೆ ನೇರವಾಗಿ ಮಾತಾಡಬಹುದು. ಅಲ್ಲಿ ಕೆಲವು ಪದಗಳು ಎದುರಾಗುತ್ತವೆ. 'ಫ್ರ್ಯೂಷ್ಟ್ಯುಕ್' ಎಂದರೆ ಬೆಳಗಿನ ತಿಂಡಿ, ಇದು ಬಾಡಿಗೆಯಲ್ಲೇ ಸೇರಿರುತ್ತದೆ. 'ಹಾಲ್ಬ್‌ಪೆನ್ಸಿಯೋನ್' ಎಂದರೆ ತಿಂಡಿಯ ಜೊತೆ ಒಂದು ಹೊತ್ತಿನ ಬಿಸಿ ಊಟ, 'ಫೋಲ್‌ಪೆನ್ಸಿಯೋನ್' ಎಂದರೆ ಮೂರೂ ಹೊತ್ತು. 'ಲಂಚ್‌ಪಕೇಟ್' ಎಂದರೆ ಮಧ್ಯಾಹ್ನಕ್ಕೆ ಕಟ್ಟಿಕೊಡುವ ಬುತ್ತಿ.

ನೀವು ಹಾಲ್ಬ್‌ಪೆನ್ಸಿಯೋನ್ ತೆಗೆದುಕೊಳ್ಳಿ. ಸಂಜೆ ಒಮ್ಮೆ ಮೇಲೆ ಹತ್ತಿದ ಮೇಲೆ ಊಟಕ್ಕೆಂದು ಮತ್ತೆ ಕೆಳಗಿಳಿದು ಕತ್ತಲಲ್ಲಿ ಹತ್ತುವುದು ಯಾರಿಗೂ ಬೇಡ, ಅದರಲ್ಲೂ ಮಕ್ಕಳಿದ್ದರೆ.

ಸಸ್ಯಾಹಾರಿಗಳು ಬುಕಿಂಗ್ ಮಾಡುವಾಗಲೇ ಬರೆದು ತಿಳಿಸಬೇಕು. ಬರೀ 'ವೆಜಿಟೇರಿಯನ್' ಎಂದರೆ ಇಲ್ಲಿ ಮೊಟ್ಟೆ ಸೇರಿಸಿಯೇ ಅರ್ಥಮಾಡಿಕೊಳ್ಳುತ್ತಾರೆ, ಕೆಲವರು ಮೀನೂ ಪರವಾಗಿಲ್ಲವೇನೋ ಎಂದುಕೊಳ್ಳುತ್ತಾರೆ. ಮಾಂಸ, ಮೀನು, ಮೊಟ್ಟೆ, ಮಾಂಸದ ಸಾರು, ಜೆಲಟಿನ್ ಇವುಗಳಲ್ಲಿ ಯಾವುದು ಬೇಡವೋ ಒಂದೊಂದನ್ನೂ ಹೆಸರಿಸಿ. ಸೂಪಿನ ಕಡೆ ವಿಶೇಷ ಗಮನವಿರಲಿ: ಮೇಲೆ ತರಕಾರಿಯಷ್ಟೇ ಕಂಡರೂ ಕೆಳಗಿನ ಸಾರು ಮಾಂಸದ್ದಾಗಿರಬಹುದು.

ಕೊಠಡಿಯ ವಿಷಯ. ಒಂದರ ಮೇಲೊಂದಿರುವ ಎರಡಂತಸ್ತಿನ ಹಾಸಿಗೆಗಳು ಸಾಮಾನ್ಯ. ಮಂಡಿನೋವಿರುವ ಹಿರಿಯರಿದ್ದರೆ ಕೆಳಗಿನ ಹಾಸಿಗೆ ಬೇಕೆಂದು ಮೊದಲೇ ಹೇಳಿ. ಕೋಟೆಯಲ್ಲಿ ಮೆಟ್ಟಿಲು ತಪ್ಪಿದ್ದಲ್ಲ. ಒಬ್ಬರೇ ಹೋಗುವವರು ತಾವು ಕಾಯ್ದಿರಿಸುತ್ತಿರುವುದು ಒಂದು ಹಾಸಿಗೆಯನ್ನೋ ಇಡೀ ಕೊಠಡಿಯನ್ನೋ ಎಂದು ಹಣ ಕಟ್ಟುವ ಮುಂಚೆ ಓದಿ ನೋಡಲಿ, ದರದಲ್ಲಿ ಬಹಳ ವ್ಯತ್ಯಾಸ ಬರುತ್ತದೆ.

ನಮ್ಮವರಿಗೆ ಮಾತ್ರ ಬರುವ ಒಂದು ತೊಂದರೆ ಹೆಸರಿನದು. ಇನಿಶಿಯಲ್ ಇಟ್ಟುಕೊಂಡೇ ಬೆಳೆದ ನಮಗೆ ಪಾಸ್‌ಪೋರ್ಟಿನಲ್ಲಿ ಅಪ್ಪನ ಹೆಸರೋ ಊರಿನ ಹೆಸರೋ ಕೊನೆಯ ಹೆಸರಾಗಿ ಕೂತಿರುತ್ತದೆ. ಬುಕಿಂಗಿನಲ್ಲಿ ಪಾಸ್‌ಪೋರ್ಟಿನಲ್ಲಿರುವ ಹಾಗೇ, ಅಕ್ಷರಕ್ಕೆ ಅಕ್ಷರ, ಬರೆಯಿರಿ. ಈ ಬುಕಿಂಗನ್ನೇ ವೀಸಾ ಅರ್ಜಿಗೆ ವಸತಿಯ ದಾಖಲೆಯಾಗಿ ಲಗತ್ತಿಸುವವರಿಗೆ ಇದು ಇನ್ನೂ ಮುಖ್ಯ. ವೀಸಾ ಕೈಗೆ ಬಾರದೆ ಹೋದರೆ ಎಷ್ಟು ದಿನ ಮುಂಚೆ ರದ್ದು ಮಾಡಿದರೆ ಹಣ ವಾಪಸ್ ಎಂಬ ಷರತ್ತನ್ನೂ ಓದಿಕೊಳ್ಳಿ.

ಹಂತ 4: ಚೀಲ

ಬೆನ್ನಿಗೆ ಹಾಕುವ ಚೀಲ ತನ್ನಿ. ಚಕ್ರದ ಸೂಟ್‌ಕೇಸ್ ಬೇಡ. ಊರಿನ ಕಲ್ಲುಹಾಸಿನ ಮೇಲೆ ಅದು ಹೇಗೋ ಉರುಳೀತು, ಕೋಟೆಯ ಮೆಟ್ಟಿಲ ಮೇಲೆ ಅದನ್ನು ಹೊತ್ತೇ ಹೋಗಬೇಕು.

ಟವೆಲ್ ನಿಮ್ಮದೇ ಇರಲಿ. ಹಾಸ್ಟೆಲ್‌ನಲ್ಲಿ ಹಾಸಿಗೆಯ ಬಟ್ಟೆ ಕೊಡುತ್ತಾರೆ, ಟವೆಲ್ ಬೇಕೆಂದರೆ ಬೇರೆ ಹಣ. ಒಳಗೆ ಓಡಾಡಲು ಚಪ್ಪಲಿ, ಹತ್ತಲು ಹಿಡಿತವಿರುವ ಬೂಟು, ಮಳೆಗೆ ಜಾಕೆಟ್, ಒಂದು ಟಾರ್ಚ್, ನೀರಿನ ಬಾಟಲಿ. ನಲ್ಲಿಯ ನೀರು ಕುಡಿಯಲು ಯೋಗ್ಯ, ಕೊಂಡು ತರಬೇಕಿಲ್ಲ. ಕಿವಿಗೆ ಇಟ್ಟುಕೊಳ್ಳುವ ಹತ್ತಿ ಅಥವಾ ಇಯರ್‌ಪ್ಲಗ್ ಮರೆಯಬೇಡಿ. ನದಿಯ ಎರಡೂ ದಂಡೆಗಳಲ್ಲಿ ರೈಲು ಹಳಿಗಳಿವೆ, ಗೂಡ್ಸ್ ಗಾಡಿಗಳು ರಾತ್ರಿಯಿಡೀ ಓಡುತ್ತವೆ, ಕಣಿವೆಯ ಸದ್ದು ಮೇಲಕ್ಕೇ ಬರುತ್ತದೆ.

ಪಾಸ್‌ಪೋರ್ಟ್ ಖಂಡಿತ ಬೇಕು. 2025ರ ಜನವರಿಯಿಂದ ಜರ್ಮನ್ ಪ್ರಜೆಗಳಿಗೆ ವಸತಿಗೃಹದ ನೋಂದಣಿ ಚೀಟಿ ತುಂಬುವ ನಿಯಮ ರದ್ದಾಗಿದೆ. ವಿದೇಶಿಯರಿಗೆ ಅದು ಈಗಲೂ ಇದೆ. ಈ ಚೀಟಿಯನ್ನು 'ಮೆಲ್ಡೆಶೈನ್' ಎನ್ನುತ್ತಾರೆ. ಜರ್ಮನ್ ಗೆಳೆಯರ ಜೊತೆ ಹೋಗಿ, ಅವರಿಗೆ ಕೇಳದ್ದನ್ನು ನನಗ್ಯಾಕೆ ಕೇಳುತ್ತಿದ್ದಾರೆ ಎಂದು ಬೇಸರಪಡುವ ಮುಂಚೆ ಇದು ಗೊತ್ತಿರಲಿ.

ಚಟ್ನಿಪುಡಿ, ಉಪ್ಪಿನಕಾಯಿ ತರಬಹುದು, ತಿಂಡಿಯ ಬ್ರೆಡ್ಡಿಗೆ ಚಟ್ನಿಪುಡಿ ಬೆಣ್ಣೆ ಚೆನ್ನಾಗಿಯೇ ಹೊಂದುತ್ತದೆ. ತರಬಾರದವು: ರೈಸ್ ಕುಕ್ಕರ್, ಎಲೆಕ್ಟ್ರಿಕ್ ಕೆಟಲ್, ಇಂಡಕ್ಷನ್ ಒಲೆ, ಊದುಬತ್ತಿ. ಕೊಠಡಿಯಲ್ಲಿ ಅಡುಗೆ ಮಾಡುವಂತಿಲ್ಲ. ಊದುಬತ್ತಿಯ ಹೊಗೆಗೂ ಬೆಂಕಿ ಎಚ್ಚರಿಕೆಯ ಗಂಟೆ ಬಾರಿಸಬಹುದು, ಆಗ ಇಡೀ ಕೋಟೆಯ ಮಕ್ಕಳು ರಾತ್ರಿಯುಡುಪಿನಲ್ಲಿ ಅಂಗಳಕ್ಕೆ ಬಂದು ನಿಲ್ಲಬೇಕಾಗುತ್ತದೆ. ಹೊರಗಿನ ಮದ್ಯ ಒಳಗೆ ತರುವುದಕ್ಕೂ ಅನುಮತಿಯಿಲ್ಲ.

ಹಂತ 5: ರೈಲು

ಬಖರಖ್‌ನಲ್ಲಿ ಐಸಿಇ, ಐಸಿಯಂಥ ದೂರದ ರೈಲುಗಳು ನಿಲ್ಲುವುದಿಲ್ಲ. ಮೈಂಟ್ಸ್ ಅಥವಾ ಕೋಬ್ಲೆಂಟ್ಸ್‌ಗೆ ಬಂದು ಆರ್‌ಬಿ 26 ಎಂಬ ಲೋಕಲ್ ರೈಲು ಹತ್ತಿ. ಎರಡೂ ಕಡೆಯಿಂದ ಸುಮಾರು ಮುಕ್ಕಾಲು ಗಂಟೆ. ಫ್ರಾಂಕ್‌ಫರ್ಟ್ ವಿಮಾನ ನಿಲ್ದಾಣದಿಂದ ಮೈಂಟ್ಸ್‌ಗೆ ನೇರ ರೈಲುಗಳಿವೆ, ಹಾಗಾಗಿ ಭಾರತದಿಂದ ಇಳಿದ ದಿನವೇ ಕೋಟೆ ತಲುಪುವುದು ಸಾಧ್ಯ. ಮೈಂಟ್ಸ್ ಕಡೆಯಿಂದ ಬರುವಾಗ ಬಲಗಡೆಯ ಕಿಟಕಿ ಹಿಡಿಯಿರಿ, ನದಿ ಆ ಕಡೆ.

ಇಲ್ಲಿ ಎಡವುವ ಜಾಗಗಳು ಎರಡಿವೆ.

ಒಂದು, ಬಿಂಗೆನ್ ಊರಿಗೆ ಎರಡು ನಿಲ್ದಾಣ: ಬಿಂಗೆನ್ ಹೌಪ್ಟ್‌ಬಾನ್‌ಹೋಫ್ ಮತ್ತು ಬಿಂಗೆನ್ ಷ್ಟಾಟ್. ಅಲ್ಲಿ ರೈಲು ಬದಲಾಯಿಸುವ ಟಿಕೆಟ್ ಸಿಕ್ಕಿದ್ದರೆ ಯಾವುದು ಎಂದು ಪೂರ್ತಿ ಹೆಸರು ಓದಿ ಇಳಿಯಿರಿ.

ಎರಡನೆಯದು ದೊಡ್ಡದು. ಬಲದಂಡೆಯ ಹಳಿಯ ಮೇಲೂ ರೈಲುಗಳು ಓಡುತ್ತವೆ. ರ್‍ಯೂಡೆಸ್‌ಹೈಮ್, ಲೋರ್ಖ್, ಕೌಬ್ ಊರುಗಳು ಆ ಕಡೆಯವು. ನಕ್ಷೆಯಲ್ಲಿ ನೋಡಿದರೆ ಲೋರ್ಖ್‌ಗೂ ಬಖರಖ್‌ಗೂ ಕೂಗಳತೆ ಎನ್ನಿಸುತ್ತದೆ. ಆದರೆ ಮೈಂಟ್ಸ್‌ನಿಂದ ಕೋಬ್ಲೆಂಟ್ಸ್‌ವರೆಗೆ ರೈನ್ ನದಿಗೆ ಒಂದೇ ಒಂದು ಸೇತುವೆ ಇಲ್ಲ. ವಾಹನ ದಾಟಿಸುವ ದೋಣಿಗಳಿವೆ, ಅವು ರಾತ್ರಿ ನಿಲ್ಲುತ್ತವೆ. ತಪ್ಪು ದಂಡೆಯ ರೈಲು ಹತ್ತಿದರೆ ಎದುರಿಗೆ ಕೋಟೆಯ ದೀಪ ಕಾಣುತ್ತಿದ್ದರೂ ತಲುಪಲಾಗದೆ ಸುತ್ತಿಬಳಸಿ ವಾಪಸ್ ಬರಬೇಕು.

ಟಿಕೆಟ್ ಬಗ್ಗೆ: ಲೋಕಲ್ ರೈಲು-ಬಸ್ಸುಗಳಿಗೆಲ್ಲ ಸಲ್ಲುವ ತಿಂಗಳ ಪಾಸ್ ಡಾಯ್ಚ್‌ಲಾಂಡ್ ಟಿಕೆಟ್ 2023ರ ಮೇಯಲ್ಲಿ 49 ಯೂರೋಗೆ ಶುರುವಾಗಿ 2026ರ ಜನವರಿಯಿಂದ 63 ಯೂರೋ ಆಗಿದೆ. ಆರ್‌ಬಿ 26ಕ್ಕೆ ಇದು ನಡೆಯುತ್ತದೆ, ಐಸಿಇಗೆ ನಡೆಯುವುದಿಲ್ಲ. ಇದು ಚಂದಾ ಪದ್ಧತಿ. ಒಂದೇ ತಿಂಗಳಿಗೆ ಬೇಕಾದವರು ಆ ತಿಂಗಳ 10ನೇ ತಾರೀಕಿನೊಳಗೆ ರದ್ದು ಮಾಡದಿದ್ದರೆ ಮುಂದಿನ ತಿಂಗಳ ಹಣವೂ ಖಾತೆಯಿಂದ ಹೋಗುತ್ತದೆ.

ಹಂತ 6: ಹತ್ತುವ ದಾರಿ

ನಿಲ್ದಾಣದಿಂದ ಹೊರಬಂದು ಊರಿನ ಮುಖ್ಯ ಬೀದಿ ಓಬರ್‌ಷ್ಟ್ರಾಸೆ ಹಿಡಿಯಿರಿ. ಮರದ ಚೌಕಟ್ಟಿನ ಹಳೆಯ ಮನೆಗಳು ಸಾಲಾಗಿವೆ, ಅವುಗಳಲ್ಲಿ 'ಆಲ್ಟೆಸ್ ಹೌಸ್' ಎಂಬುದು 1368ರದು. ಸಂತ ಪೀಟರ್ ಚರ್ಚಿನ ಪಕ್ಕದಲ್ಲಿ ಮೆಟ್ಟಿಲುಗಳು ಶುರುವಾಗುತ್ತವೆ. ಅಲ್ಲಿಂದ ಕೋಟೆಗೆ ಗಟ್ಟಿ ಕಾಲಿನವರಿಗೆ ಕಾಲು ಗಂಟೆ, ಚೀಲವಿದ್ದರೆ, ಮಕ್ಕಳಿದ್ದರೆ ಅರ್ಧ ಗಂಟೆ ಇಟ್ಟುಕೊಳ್ಳಿ. ಕತ್ತಲಾದ ಮೇಲೆ ಹತ್ತುವುದಾದರೆ ಟಾರ್ಚ್ ಕೈಯಲ್ಲೇ ಇರಲಿ, ಮಳೆ ಬಂದಾಗ ಕಲ್ಲುಗಳು ಜಾರುತ್ತವೆ. ಭಾನುವಾರ ಬರುವವರು ಬೇಕಾದ ಸಾಮಾನನ್ನೆಲ್ಲ ಶನಿವಾರವೇ ಕೊಂಡಿಟ್ಟುಕೊಳ್ಳಿ, ಅಂಗಡಿಗಳು ಮುಚ್ಚಿರುತ್ತವೆ.

ಅರ್ಧ ದಾರಿಯಲ್ಲಿ ಕೆಂಪುಗಲ್ಲಿನ, ಸೂರಿಲ್ಲದ ಒಂದು ಕಟ್ಟಡ ಎದುರಾಗುತ್ತದೆ. ವೆರ್ನರ್ ಚಾಪೆಲ್ ಎಂಬ ಹಳೆಯ ಪ್ರಾರ್ಥನಾಮಂದಿರ ಇದು, ಎತ್ತರದ ಕಿಟಕಿಗಳ ಚೌಕಟ್ಟಷ್ಟೇ ಆಕಾಶಕ್ಕೆ ನಿಂತಿವೆ. ಎಲ್ಲರೂ ಇಲ್ಲಿ ಫೋಟೋ ತೆಗೆಯುತ್ತಾರೆ. ತೆಗೆಯಿರಿ, ಆದರೆ ಅಲ್ಲಿರುವ ಫಲಕವನ್ನೂ ಓದಿ. 1287ರಲ್ಲಿ ವೆರ್ನರ್ ಎಂಬ ಹುಡುಗ ಸತ್ತಾಗ ಯಹೂದಿಗಳೇ ಕೊಂದರೆಂಬ ಸುಳ್ಳು ಹಬ್ಬಿ, ಈ ಕಣಿವೆಯ ಊರೂರುಗಳಲ್ಲಿ ಯಹೂದಿಗಳ ಕಗ್ಗೊಲೆ ನಡೆಯಿತು. ಆ ಹುಡುಗನನ್ನು ಸಂತನೆಂದು ಪೂಜಿಸಲು ಕಟ್ಟಿದ್ದು ಈ ಚಾಪೆಲ್. 1963ರಲ್ಲಿ ಕ್ಯಾಥೊಲಿಕ್ ಧರ್ಮಪ್ರಾಂತ್ಯ ಅವನ ಹೆಸರನ್ನು ಸಂತರ ಪಂಚಾಂಗದಿಂದ ತೆಗೆದುಹಾಕಿತು. ಮಕ್ಕಳ ಜೊತೆ ಹೋಗುವವರು ಇದನ್ನು ಅವರ ವಯಸ್ಸಿಗೆ ತಕ್ಕಂತೆ ಹೇಳಿ. ಮೇಲಿನ ಕೋಟೆಗೂ ಅಂಥದೊಂದು ಕಾಲವಿದೆ: 1942ರಲ್ಲಿ ಲಕ್ಸೆಂಬರ್ಗ್‌ನಲ್ಲಿ ನಾಜಿ ಆಡಳಿತದ ವಿರುದ್ಧ ಮುಷ್ಕರ ನಡೆದಾಗ, ಅದರಲ್ಲಿ ಸೇರಿದ ಶಾಲಾಮಕ್ಕಳನ್ನು 'ತಿದ್ದಲು' ತಂದಿಟ್ಟದ್ದು ಇದೇ ಹಾಸ್ಟೆಲ್‌ನಲ್ಲಿ.

ಹತ್ತಲಾಗದವರಿಗೆ ಹಿಂಬದಿಯಿಂದ ಕಾರಿನ ರಸ್ತೆ ಇದೆ. ಟ್ಯಾಕ್ಸಿ ನಿಲ್ದಾಣದ ಮುಂದೆ ಸಾಲುಗಟ್ಟಿ ನಿಂತಿರುವ ಊರು ಇದಲ್ಲ. ಹಿರಿಯರು ಜೊತೆಗಿದ್ದರೆ ಹಿಂದಿನ ದಿನವೇ ಟ್ಯಾಕ್ಸಿ ಹೇಳಿಡಿ, ಹಾಸ್ಟೆಲ್‌ನವರಿಗೂ ಫೋನ್ ಮಾಡಿ ತಿಳಿಸಿ.

ಹಂತ 7: ಒಳಗೆ

ಮರದ ಸೇತುವೆಯಂಥ ದಾರಿ ದಾಟಿ ಅಂಗಳಕ್ಕೆ ಬರುತ್ತೀರಿ. ನೀರು ತುಂಬಿದ ಕಂದಕವಿರುವ ಗುಡ್ಡದ ಕೋಟೆ ಜರ್ಮನಿಯಲ್ಲಿ ಅಪರೂಪ, ಇಲ್ಲಿ ಅದಿದೆ, ಒಂದು ನಿಮಿಷ ನಿಂತು ನೋಡಿ. ಚಿಕ್ಕ ಮಕ್ಕಳ ಕೈ ಬಿಡಬೇಡಿ.

ರಿಸೆಪ್ಷನ್ ದಿನವಿಡೀ ತೆರೆದಿರುವುದಿಲ್ಲ. ಬುಕಿಂಗ್ ಪತ್ರದಲ್ಲಿ ಕೊಟ್ಟ ಹೊತ್ತಿನೊಳಗೆ ತಲುಪಿ. ರೈಲು ತಡವಾದರೆ (ಆಗುವುದುಂಟು) ಕೂಡಲೇ ಫೋನ್ ಮಾಡಿ, ತಡವಾಗಿ ಬರುವವರಿಗೆ ಬಾಗಿಲು ಹೇಗೆ ತೆರೆಯುವುದೆಂದು ಹೇಳುತ್ತಾರೆ. ಹೇಳದೆ ರಾತ್ರಿ ಹತ್ತಕ್ಕೆ ಹೋಗಿ ಬಾಗಿಲು ತಟ್ಟುವುದು ಬೇಡ.

ಹಾಸಿಗೆ ನೀವೇ ಹಾಸಿಕೊಳ್ಳಬೇಕು. ಮಡಿಸಿದ ಮೂರು ಬಟ್ಟೆಗಳು ಸಿಗುತ್ತವೆ: ಬೆಡ್‌ಶೀಟ್, ದಿಂಬಿನ ಗವಸು, ರಜಾಯಿಯ ಗವಸು. ನಮ್ಮವರು ಗವಸನ್ನು ಬದಿಗಿಟ್ಟು ಬರೀ ರಜಾಯಿ ಹೊದ್ದುಬಿಡುತ್ತಾರೆ, ಹಾಗೆ ಮಾಡಬಾರದು. ಗವಸನ್ನು ಒಳಮೈ ಹೊರಗೆ ಬರುವಂತೆ ತಿರುಗಿಸಿ. ಬಾಯಿಯೊಳಗೆ ಎರಡೂ ಕೈ ಹಾಕಿ ಗವಸಿನ ಮೇಲಿನ ಎರಡು ಮೂಲೆಗಳನ್ನು ಒಳಗಿನಿಂದ ಹಿಡಿಯಿರಿ. ಅದೇ ಹಿಡಿತದಲ್ಲಿ ರಜಾಯಿಯ ಎರಡು ಮೂಲೆಗಳನ್ನೂ ಹಿಡಿದು, ಎತ್ತಿ ಕೊಡವಿ. ಗವಸು ತಾನಾಗಿ ಮಗುಚಿಕೊಂಡು ರಜಾಯಿಯನ್ನು ಮುಚ್ಚುತ್ತಾ ಇಳಿಯುತ್ತದೆ, ಕೊನೆಗೆ ಗುಂಡಿ ಹಾಕಿದರಾಯಿತು. ಮೇಲಿನ ಹಾಸಿಗೆಯವರು ಇದನ್ನು ನೆಲದ ಮೇಲೆ ನಿಂತೇ ಮುಗಿಸಿ ಆಮೇಲೆ ಮೇಲಕ್ಕೆ ಕೊಡಲಿ. ಸ್ಲೀಪಿಂಗ್ ಬ್ಯಾಗ್ ಬಳಸಲು ಬಿಡುವುದಿಲ್ಲ.

ರಾತ್ರಿಯೂಟ ಬೇಗ, ಸಂಜೆ ಆರರ ಸುಮಾರಿಗೆ. ಏಳೂವರೆಗೆ ಹೋದರೆ ಪಾತ್ರೆಗಳು ಖಾಲಿಯಾಗಿರುತ್ತವೆ. ಬಫೆ ಪದ್ಧತಿ: ಸೂಪು, ಆಲೂಗಡ್ಡೆ ಅಥವಾ ಪಾಸ್ತಾ, ಸಲಾಡ್, ಒಂದು ಸಿಹಿ. ತಟ್ಟೆಗೆ ಸ್ವಲ್ಪ ಬಡಿಸಿಕೊಂಡು ಮತ್ತೆ ಹೋಗಿ. ತಟ್ಟೆಯಲ್ಲಿ ಬಿಟ್ಟರೆ ಯಾರೂ ಬಯ್ಯುವುದಿಲ್ಲವಾದರೂ ಪಕ್ಕದ ಮೇಜಿನ ಮಕ್ಕಳಿಗೆ ಅದನ್ನೇ ಮಾಡಬೇಡಿರೆಂದು ಹೇಳಿಕೊಟ್ಟಿರುತ್ತಾರೆ. ಉಂಡ ಮೇಲೆ ಟ್ರೇ, ತಟ್ಟೆ, ಚಮಚ ತೆಗೆದುಕೊಂಡು ಹೋಗಿ ಅವುಗಳ ಜಾಗದಲ್ಲಿಡುವುದು, ಮೇಜು ಒರೆಸುವುದು ನಿಮ್ಮ ಕೆಲಸವೇ. ತಿಂಡಿಯ ಬಫೆಯಿಂದ ಬುತ್ತಿ ಕಟ್ಟಿಕೊಳ್ಳಬೇಡಿ. ಅದಕ್ಕೆಂದೇ ಲಂಚ್‌ಪಕೇಟ್ ಇರುವುದು.

ರಾತ್ರಿ ಹತ್ತರ ನಂತರ ಮೌನ. ಇದನ್ನು ನಾನು ಒತ್ತಿ ಹೇಳುತ್ತೇನೆ. ನಾಲ್ಕು ಮನೆಯವರು ಸೇರಿದಾಗ ನಮ್ಮ ಮಾತು ತಾನಾಗಿ ಜೋರಾಗುತ್ತದೆ, ಊರಿಗೆ ವಿಡಿಯೊ ಕಾಲ್ ಶುರುವಾಗುತ್ತದೆ, ಕಲ್ಲಿನ ಕಾರಿಡಾರಿನಲ್ಲಿ ಸದ್ದು ಹತ್ತು ಪಟ್ಟು ಕೇಳಿಸುತ್ತದೆ. ದಿನವಿಡೀ ನಡೆದು ಮಲಗಿದ ಮಕ್ಕಳು ಗೋಡೆಯಾಚೆ ಇದ್ದಾರೆ. ಮಾತಾಡಬೇಕೆನಿಸಿದರೆ ಹತ್ತಕ್ಕೆ ಮುಂಚೆ ತಾರಸಿಗೆ ಹೋಗಿ. ಜೂನ್ ತಿಂಗಳಲ್ಲಿ ಒಂಬತ್ತೂವರೆಯವರೆಗೂ ಬೆಳಕಿರುತ್ತದೆ, ಕೆಳಗೆ ಸರಕಿನ ಉದ್ದನೆಯ ದೋಣಿಗಳು ಹರಿವಿಗೆ ಎದುರಾಗಿ ನಿಧಾನಕ್ಕೆ ಏರುವುದು ಕಾಣುತ್ತದೆ.

ತಂಗದೆ ಬರೀ ನೋಡಿಹೋಗಲು ಬರುವವರು ಅಂಗಳ, ತಾರಸಿಯವರೆಗೆ ಬರಬಹುದು, ಕಟ್ಟಡದೊಳಗೆ ಅತಿಥಿಗಳಿಗಷ್ಟೇ ಪ್ರವೇಶ.

ಹಂತ 8: ಕಾಡು

ಕೋಟೆಯ ಬಳಿಯಿಂದಲೇ 'ರೈನ್‌ಬುರ್ಗೆನ್‌ವೇಗ್' ಎಂಬ, ಕೋಟೆಯಿಂದ ಕೋಟೆಗೆ ಸಾಗುವ ನಡಿಗೆಯ ದಾರಿ ಹಾದುಹೋಗುತ್ತದೆ. ಮರಗಳ ಮೇಲೆ, ಕಂಬಗಳ ಮೇಲೆ ಅದರ ಗುರುತು ಬಳಿದಿರುತ್ತಾರೆ. ಗುರುತು ಕಾಣದೆ ಬಹಳ ದೂರ ನಡೆದಿದ್ದೀರಿ ಎನಿಸಿದರೆ ಮುಂದೆ ಹುಡುಕಬೇಡಿ, ಕೊನೆಯ ಗುರುತಿನವರೆಗೆ ಹಿಂದಕ್ಕೆ ಬನ್ನಿ. ಕಣಿವೆಯಲ್ಲಿ ಮೊಬೈಲ್ ಸಿಗ್ನಲ್ ಕೈಕೊಡುತ್ತದೆ, ನಕ್ಷೆಯನ್ನು ಮೊದಲೇ ಡೌನ್‌ಲೋಡ್ ಮಾಡಿಕೊಳ್ಳಿ. ತುರ್ತಿಗೆ 112.

ಮೈಗೆ ಕಚ್ಚಿ ರಕ್ತ ಹೀರುವ ಉಣ್ಣೆ ಹುಳದ (ಉಣುಗು) ಬಗ್ಗೆ ಎಚ್ಚರ ಬೇಕೇ ಬೇಕು. ಮಲೆನಾಡಿನವರಿಗೆ ಇದನ್ನು ವಿವರಿಸಬೇಕಿಲ್ಲ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಮಂಗನ ಕಾಯಿಲೆ ಉಣ್ಣೆಯಿಂದಲೇ ಹರಡುವುದು. ಅದರ ವೈರಸ್ಸಿನ ಹತ್ತಿರದ ಸಂಬಂಧಿಯೊಂದು ಯುರೋಪಿನ ಕಾಡುಗಳಲ್ಲಿದೆ, ಮಿದುಳಿನ ಉರಿಯೂತ ತರುತ್ತದೆ, ಇಲ್ಲಿ ಅದನ್ನು ಎಫ್‌ಎಸ್‌ಎಂಇ ಎನ್ನುತ್ತಾರೆ. ಅದಕ್ಕೆ ಲಸಿಕೆಯಿದೆ. ಅದರ ಅಪಾಯದ ಜಿಲ್ಲೆಗಳು ಹೆಚ್ಚಾಗಿ ಬವೇರಿಯ, ಬಾಡೆನ್-ವ್ಯುರ್ಟೆಂಬೆರ್ಗ್ ರಾಜ್ಯಗಳಲ್ಲಿವೆ. ಉಣ್ಣೆಯಿಂದಲೇ ಬರುವ ಇನ್ನೊಂದು ರೋಗ ಲೈಮ್ ಜರ್ಮನಿಯ ಎಲ್ಲ ಕಡೆಯೂ ಇದೆ, ಅದಕ್ಕೆ ಲಸಿಕೆ ಇಲ್ಲ. ಹಾಗಾಗಿ ಬೇಸಿಗೆಯಲ್ಲೂ ಉದ್ದನೆಯ ಪ್ಯಾಂಟ್ ತೊಟ್ಟು, ಅದರ ತುದಿಯನ್ನು ಕಾಲುಚೀಲದೊಳಗೆ ಸೇರಿಸಿ. ವಾಪಸ್ ಬಂದ ಕೂಡಲೇ ಮಂಡಿಯ ಹಿಂದೆ, ಕಂಕುಳು, ತೊಡೆಸಂದು, ಮಕ್ಕಳಿಗೆ ಕೂದಲಿನ ಅಂಚು, ಕಿವಿಯ ಹಿಂದೆ ನೋಡಿ. ಕಚ್ಚಿ ಹಿಡಿದಿದ್ದರೆ ಚಿಮಟದಿಂದ ಚರ್ಮಕ್ಕೆ ಅಂಟಿದ ಜಾಗದಲ್ಲಿ ಹಿಡಿದು ನೇರವಾಗಿ ಎಳೆಯಿರಿ. ಎಣ್ಣೆ ಸುರಿಯುವುದು, ಬೆಂಕಿ ತಾಗಿಸುವುದು ಬೇಡ. ಮುಂದಿನ ವಾರಗಳಲ್ಲಿ ಆ ಜಾಗದ ಸುತ್ತ ಕೆಂಪು ಉಂಗುರ ಹರಡಿದರೆ ವೈದ್ಯರಿಗೆ ತೋರಿಸಿ, ಆ್ಯಂಟಿಬಯೋಟಿಕ್‌ನಿಂದ ಗುಣವಾಗುತ್ತದೆ. ಊರಿಗೆ ಮರಳಿದ ಮೇಲೆ ಉಂಗುರ ಕಾಣಿಸಿದರೆ ಜರ್ಮನಿಯ ಕಾಡಿನಲ್ಲಿ ನಡೆದಿದ್ದನ್ನು ವೈದ್ಯರಿಗೆ ಹೇಳಲು ಮರೆಯಬೇಡಿ.

ಜೋರು ಗಾಳಿಯ ದಿನ ಕಾಡಿಗೆ ಹೋಗಬೇಡಿ. ಬೇಸಿಗೆಯ ಒಣ ದಿನಗಳಲ್ಲಿ ಬೆಂಕಿ ಕಡ್ಡಿ ಗೀರುವುದೂ ಅಪರಾಧ. ದ್ರಾಕ್ಷಿ ತೋಟಗಳ ನಡುವೆ ನಡೆಯಬಹುದು, ಹಣ್ಣು ಕೀಳುವಂತಿಲ್ಲ.

ಹಂತ 9: ಹೊರಡುವ ಬೆಳಿಗ್ಗೆ

ಗವಸು, ಬೆಡ್‌ಶೀಟ್ ಎಲ್ಲ ಬಿಚ್ಚಿ ಹೇಳಿದ ಬುಟ್ಟಿಗೆ ಹಾಕಿ, ಕಿಟಕಿ ಮುಚ್ಚಿ, ಕಸವನ್ನು ಕಾಗದ, ಪ್ಲಾಸ್ಟಿಕ್, ಉಳಿದದ್ದು ಎಂದು ಬೇರೆ ಮಾಡಿ, ಕೀಲಿ ಹಿಂದಿರುಗಿಸಿ. ರೈಲು ಮಧ್ಯಾಹ್ನವಿದ್ದರೆ ಚೀಲ ಇಟ್ಟುಹೋಗಲು ಜಾಗ ಕೇಳಿ ನೋಡಿ, ಆದರೆ ಅದಕ್ಕಾಗಿ ಮತ್ತೆ ಗುಡ್ಡ ಹತ್ತಬೇಕಾಗುತ್ತದೆ ಎಂಬುದು ನೆನಪಿರಲಿ. ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಬಖರಖ್‌ನ ಕಟ್ಟೆಯಿಂದ ಪ್ರಯಾಣಿಕರ ಹಡಗುಗಳು ಹೊರಡುತ್ತವೆ. ರೈಲಿನ ಬದಲು ಸಾಂಕ್ಟ್ ಗೋವಾರ್‌ವರೆಗೆ ಹಡಗಿನಲ್ಲಿ ಹೋದರೆ ಲೋರೆಲೈ ಬಂಡೆಯೂ ದಾರಿಯಲ್ಲೇ ಸಿಗುತ್ತದೆ. ಅದಕ್ಕೆ ಬೇರೆ ಟಿಕೆಟ್.

ಶ್ಟಾಲೆಕ್ ತುಂಬಿಹೋಗಿದ್ದರೆ

ಹೀಗಾಗುವುದು ಮಾಮೂಲು. ಇದೇ ಹಂತಗಳನ್ನಿಟ್ಟುಕೊಂಡು ಬೇರೆ ಕೋಟೆಗೆ ಹೋಗಬಹುದು. ಕಾಡೇ ಮುಖ್ಯ ಎನ್ನುವವರಿಗೆ ನಾನು ಮೊದಲು ಹೇಳುವುದು ದಕ್ಷಿಣದ ವಿಲ್ಡೆನ್‌ಷ್ಟೈನ್. ಡ್ಯಾನ್ಯೂಬ್ ಇನ್ನೂ ಚಿಕ್ಕ ಹೊಳೆಯಾಗಿರುವ ಕಣಿವೆಯಲ್ಲಿ, ಬಂಡೆಯ ತುದಿಯ ಮೇಲಿದೆ. ಅದು ಎಫ್‌ಎಸ್‌ಎಂಇ ಅಪಾಯದ ಸೀಮೆ, ಪದೇ ಪದೇ ಕಾಡಿಗೆ ಹೋಗುವವರು ಲಸಿಕೆಯ ಬಗ್ಗೆ ವೈದ್ಯರನ್ನು ಕೇಳಿ. ಹೆಸ್ಸೆನ್ ರಾಜ್ಯದ ವಿಟ್ಸೆನ್‌ಹೌಸೆನ್ ಬಳಿ ಲುಡ್ವಿಗ್‌ಷ್ಟೈನ್ ಇದೆ. 1920ರಲ್ಲಿ ಯುವಜನ ಚಳವಳಿಯವರು (ಊರು ಬಿಟ್ಟು ಕಾಡುಮೇಡು ಅಲೆಯುತ್ತಿದ್ದ ಜರ್ಮನ್ ಯುವಜನರ ಗುಂಪುಗಳು) ಕೊಂಡ ಕೋಟೆ, ಆ ಚಳವಳಿಯ ದಾಖಲೆಗಳ ಭಂಡಾರವೂ ಅಲ್ಲೇ ಇದೆ. ಇತಿಹಾಸ ಓದುವ ವಿದ್ಯಾರ್ಥಿಗಳಿಗೆ ಇದಕ್ಕಿಂತ ಒಳ್ಳೆಯ ಜಾಗವಿಲ್ಲ.

ಹತ್ತಲಾಗದ ಅಪ್ಪ-ಅಮ್ಮ ಜೊತೆಗಿದ್ದರೆ ಶಿರ್‌ಮಾನ್ ಮೇಷ್ಟ್ರ ಆಲ್ಟೆನಾಗೇ ಹೋಗಿ. 2014ರಿಂದ ಅಲ್ಲಿ ಊರಿನ ಮಟ್ಟದಿಂದ ಬೆಟ್ಟದೊಳಗೆ ಸುರಂಗ ಕೊರೆದು ಕೋಟೆಯ ಅಂಗಳಕ್ಕೆ ಲಿಫ್ಟ್ ಮಾಡಿದ್ದಾರೆ. ಹಳೆಯ ಹಾಸ್ಟೆಲ್‌ನ ಮರದ ಮಂಚಗಳಿರುವ ಕೊಠಡಿಯನ್ನು ವಸ್ತುಸಂಗ್ರಹಾಲಯವಾಗಿ ಉಳಿಸಿದ್ದಾರೆ. ಹಾಗೆನ್ ನಗರದಿಂದ ಲೋಕಲ್ ರೈಲಿದೆ. ಲಿಫ್ಟ್ ಸಂಜೆ ಎಷ್ಟು ಹೊತ್ತಿಗೆ ನಿಲ್ಲುತ್ತದೆ ಎಂದು ನೋಡಿಕೊಂಡು ರೈಲು ಆರಿಸಿ.